ದ್ರಾಕ್ಷಿಯೊಳಗ ಅಡಗಿದ ಹೊಗಿ

ಅವ್ವಂದಿರಾ, ಅಕ್ಕಂದಿರಾ, ಜರಾ ಹತ್ತರ ಬಂದು ಕುಂಡರ್ರಿ. ನಮ್ಮ ಕಮಲಾಪುರದಾಗ ನೀರಿಗೆ ತ್ರಾಸ ಆಗಬಹುದು, ಕರೆಂಟಿಗೆ ತ್ರಾಸ ಆಗಬಹುದು, ಹೊಟ್ಟಿಕಿಚ್ಚಿಗೆ ಮಾತ್ರ ಎಂದೂ ಕೊರತಿ ಬಿದ್ದಿಲ್ಲ. ಒಬ್ಬಾಕಿ ಹೊಸಾ ಕುಕ್ಕರ್ ತಂದ್ರ ಮಗ್ಗಲ ಮನಿಯಾಕಿಗೆ ಅನ್ನ ಸೇರೂದಿಲ್ಲ. ನಾ ಏನು ದೊಡ್ಡ ಸಾಧು ಅಲ್ಲ, ನನಗೂ ಆ ರೋಗ ಅದ. ಆದ್ರ ನಮ್ಮ ಮಾದೇವಮ್ಮನ ಹೊಟ್ಟಿಕಿಚ್ಚು ಎರಡು ತೋಟದ ದ್ರಾಕ್ಷಿಗೆ ಮುಟ್ಟಿತು. ಅದು ಹೆಂಗ ಅಂತ ಹೇಳ್ತೀನಿ ಕೇಳ್ರಿ.

ನನ್ನ ಹೆಸರು ಅಕ್ಬರಿ ಬೇಗಂ. ನಮ್ಮದೊಂದು ಹೆಣ್ಮಕ್ಕಳ ಸಂಘ ಅದ, ಖಾರದ ಪುಡಿ ಕುಟ್ಟಿ ಮಾರ್ತೀವಿ. ಮಾದೇವಮ್ಮನೂ ಸಂಘದಾಕಿ, ಅಕಿ ನೆಗೆಣ್ಣಿ ಮಾಳಮ್ಮನೂ ಸಂಘದಾಕಿ. ಅಣ್ಣ ನಾಗಣ್ಣನ ಹೆಂಡ್ತಿ ಮಾದೇವಮ್ಮ, ತಮ್ಮ ಭಾಗಪ್ಪನ ಹೆಂಡ್ತಿ ಮಾಳಮ್ಮ. ಹೊಲ ಪಾಲಾದ ಮ್ಯಾಲ ಅಣ್ಣ ತಮ್ಮ ಇಬ್ಬರೂ ದ್ರಾಕ್ಷಿ ಹಚ್ಚಿದ್ರು. ತಿನ್ನೋ ದ್ರಾಕ್ಷಿ ಅಲ್ಲ, ವೈನ್ ಮಾಡೋ ದ್ರಾಕ್ಷಿ. ಕರ್ರಗ, ಸಣ್ಣದು, ಬೀಜದ್ದು. ಒಂದು ಕಂಪನಿಯವರು ಬಂದು ಲಾರಿಗೆ ತುಂಬಿಸಿಕೊಂಡು ಹೋಗ್ತಿದ್ರು. ಎರಡೂ ತೋಟದ ನಡುವ ಒಂದು ಸಣ್ಣ ಬದು, ಅಷ್ಟೇ. ಮೂಡಣ ಕಡಿ ಮಾಳಮ್ಮಂದು, ಪಡುವಣ ಕಡಿ ಮಾದೇವಮ್ಮಂದು.

ಎರಡು ಸಾವಿರದ ಎಂಟನೇ ಇಸವಿ ಮಾತು ಇದು. ಅದರ ಹಿಂದಿನ ವರ್ಷ ಇಬ್ಬರದೂ ಮೊದಲ ಬೆಳಿ. ಕಂಪನಿ ಎರಡನ್ನೂ ಒಯ್ದಿತ್ತು. ಮಾಳಮ್ಮನ ಹಣ್ಣಿನ ವೈನ್ ಚಲೋ ಆತಂತ. ಮಾದೇವಮ್ಮಂದು ಮಾತ್ರ ಕೆಟ್ಟಿತು. ಕಂಪನಿ ಸಾಹೇಬ ಬಂದು, "ನಿಮ್ಮ ರಸ ಹುಳಿ ಬಂದ ಮ್ಯಾಲ ಬೂದಿ ವಾಸನಿ ಹೊಡೀತದ. ಹಣ್ಣಿಗೆ ಹೊಗಿ ತಾಗೇದ. ಈ ವರ್ಷ ಪ್ರಯೋಗಶಾಲಿಂದ ಪರೀಕ್ಷಾ ಮಾಡಿಸಿ ಕಾಗದ ತಂದ್ರ ಮಾತ್ರ ಲಾರಿ ಕಳಸ್ತೀವಿ" ಅಂದ. ಮಾಳಮ್ಮನ ತೋಟಕ್ಕ ಹೋಗಿ, ನಡುವಿನ ಸಾಲಿಂದ ನಾಲ್ಕು ಗೊನಿ ತಾನೇ ಹರಕೊಂಡು ಹೋಗಿ, ತಾನೇ ಪರೀಕ್ಷಾ ಮಾಡಿಸಿ, ಪಾಸ್ ಅಂದ.

ಅಯ್ಯಯ್ಯ! ಮಾದೇವಮ್ಮ ಉರಿದು ಬಿದ್ಳು.

"ಮಾಳಿ ಅಂವಗ ಚಾ ಕುಡಿಸ್ಯಾಳ, ಮಂಡಕ್ಕಿ ಸೂಸಲಾ ತಿನ್ಸ್ಯಾಳ, ನನ್ನ ಮ್ಯಾಲ ಚಾಡಿ ಹೇಳ್ಯಾಳ! ಹೊಗಿಯಂತ ಹೊಗಿ! ನನ್ನ ಹಣ್ಣು ತಿಂದು ನೋಡು ಬೇಗಂ, ಸಕ್ಕರಿ ಅದ, ಸಕ್ಕರಿ!"

ತಿಂದು ನೋಡಿದೆ. ಖರೇನೇ ಸಕ್ಕರಿ ಇತ್ತು. ಹೊಗಿನೂ ಇಲ್ಲ, ಬೂದಿನೂ ಇಲ್ಲ. ನನಗೂ ಕಂಪನಿಯವರ ಮ್ಯಾಲೇ ಸಂಶಯ ಬಂತು.

ಆದ್ರ ಮನಿಯೊಳಗ ನಾಗಣ್ಣ ಬ್ಯಾರೆನೇ ತೆಗೆದ. "ಈ ಸಲನೂ ನಮ್ಮ ಹಣ್ಣು ಬ್ಯಾಡ ಅಂದ್ರ ತೋಟ ತಮ್ಮಗ ಪಾಲಿಗೆ ಹಾಕ್ತೀನಿ. ಅವರಿಗೆ ಬೆಳಿಯಾಕ ಬರ್ತದ, ನಮಗ ಬರೂದಿಲ್ಲ. ಮುಗೀತು" ಅಂದ. ಅಂದ್ರ ಮಾದೇವಮ್ಮನ ತೋಟದಾಗ ಮಾಳಮ್ಮ ಕತ್ತರಿ ಹಿಡಕೊಂಡು ಅಡ್ಡಾಡಬೇಕು, ಮಾದೇವಮ್ಮ ಕೂಲಿಯಾಳಿನಂಗ ಅಕಿ ಹಿಂದ ಬುಟ್ಟಿ ಹೊರಬೇಕು. ಇದಕ್ಕಿಂತ ಹೆಚ್ಚಿನ ಸಂಕಟ ಅಕಿಗೆ ಇನ್ನೇನು ಬೇಕ್ರೀ?

ಇಲ್ಲಿ ಒಂದು ಮಾತು ಹೇಳಬೇಕು. ಮಾದೇವಮ್ಮ ದಿನಾ ಹೊತ್ತು ಮುಳುಗೋ ಮುಂದ ತೋಟದ ದೃಷ್ಟಿ ತೆಗೀತಿದ್ಳು. ಯಾರ ದೃಷ್ಟಿ? ಮಾಳಮ್ಮಂದೇ, ಮತ್ತ್ಯಾರದು! ಅದಕ್ಕೇ ಮಾಳಮ್ಮನ ಕಡಿ ಮಾರಿ ಮಾಡಿ, ಸರೀ ಬದುವಿನ ಮ್ಯಾಲೇ ಬೆಂಕಿ ಹಾಕೋದು. ಸಗಣಿ ಕುಳ್ಳು, ರವದಿ ಅಂದ್ರ ಕಬ್ಬಿನ ಒಣ ಎಲಿ, ಅದರ ಮ್ಯಾಲ ಹಸಿ ಬೇವಿನ ತೊಪ್ಪಲ. ಕಡೀಗೆ ಉಪ್ಪು, ಸಾಸಿವಿ, ಒಂದು ಹಿಡಿ ಒಣ ಮೆಣಸಿನಕಾಯಿ. ನಿಮಗೂ ಗೊತ್ತದ, ಮೆಣಸಿನಕಾಯಿ ಸುಟ್ಟಾಗ ಘಾಟು ಬಂದು ಕೆಮ್ಮು ಹತ್ತಿದ್ರ ದೃಷ್ಟಿ ಇಲ್ಲ ಅಂತ ಅರ್ಥ. ಘಾಟೇ ಬರಲಿಲ್ಲ ಅಂದ್ರ ದೃಷ್ಟಿ ಭಾಳ ಆಗೇದ ಅಂತ ಅರ್ಥ. ಈಗ ನೀವೇ ಹೇಳ್ರಿ, ಬಯಲಾಗ ಬೆಂಕಿ ಹಾಕಿದ್ರ ಘಾಟು ಎಲ್ಲಿ ಬರ್ತದ? ಗಾಳಿಗೆ ಹಾರಿ ಹೋಗ್ತದ. ಇಕಿ ಮಾತ್ರ, "ನೋಡು ಬೇಗಂ, ಇವತ್ತೂ ಘಾಟು ಬರಲಿಲ್ಲ! ಎಂಥಾ ಕೆಟ್ಟ ಕಣ್ಣು ಹಾಕ್ಯಾಳ ನೋಡು!" ಅಂತ ಮರುದಿನ ಇನ್ನೊಂದು ಹೊರಿ ರವದಿ ತಂದು ಸುರೀತಿದ್ಳು. ಹೋದ ವರ್ಷ ಸಣ್ಣ ಬೆಂಕಿ, ಈ ವರ್ಷ ಸಿಟ್ಟಿಗೆ ದೊಡ್ಡ ಬೆಂಕಿ. ಹಣ್ಣು ಬಣ್ಣ ತಿರುಗಿದಾಗಿಂದ ಒಂದು ದಿನಾನೂ ತಪ್ಪಿಸಲಿಲ್ಲ.

ನನಗೂ ಅದರಾಗ ತಪ್ಪೇನೂ ಕಾಣಲಿಲ್ಲ. ದೃಷ್ಟಿ ತೆಗಿಯೋದನ್ನ ಹೊಗಿ ಅಂತ ಯಾರು ಎಣಸ್ತಾರ?

ಪರೀಕ್ಷಾಕ್ಕ ಎಲ್ಲಿಗೆ ಹೋಗೋದು ಅಂದಾಗ ನಾನೇ ದಾರಿ ತೋರಿಸಿದೆ. ಕಲಬುರಗಿ ಹೊರಗ ಕಪನೂರದಾಗ ಒಂದು ಸಣ್ಣ ಪ್ರಯೋಗಶಾಲಿ ಇತ್ತು. ಅದನ್ನ ನಡೆಸ್ತಿದ್ದ ತುಂಗಾಬಾಯಾರು ರಸಾಯನಶಾಸ್ತ್ರ ಓದಿದವರು. ನಮ್ಮ ಸಂಘದ ಖಾರದ ಪುಡಿ ಅಲ್ಲೇ ಪರೀಕ್ಷಾ ಆಗ್ತಿತ್ತು. ಫೋನ್ ಮಾಡಿದ್ರ ಅವರು, "ಎಲ್ಲಾ ಹಣ್ಣು ಕೂಡಿಸಿ ತರಬ್ಯಾಡ್ರಿ. ಬದುವಿನ ಹತ್ತರಿನ ಸಾಲಿಂದು ಬ್ಯಾರೆ, ದೂರಿನ ಸಾಲಿಂದು ಬ್ಯಾರೆ ಚೀಲದಾಗ ತರ್ರಿ" ಅಂದ್ರು.

ಬಸ್ ಸ್ಟ್ಯಾಂಡಿಗೆ ಬಂದ ಮಾದೇವಮ್ಮನ ಕೈಯಾಗ ಎರಡಲ್ಲ, ಮೂರು ಚೀಲ. ಕೆಂಪು ಅರಿವಿ ಕಟ್ಟಿದ್ದು ಬದುವಿನ ಸಾಲಿಂದು. ಹಸಿರು ಅರಿವಿದು ಪಡುವಣ ತುದಿಯ ದೂರಿನ ಸಾಲಿಂದು.

"ಹಳದಿ ಯಾವುದು?" ಅಂದೆ.

ಸೆರಗು ಬಾಯಿಗೆ ಹಿಡಕೊಂಡು ಸಣ್ಣಗ ಅಂದ್ಳು: "ಮಾಳೀದು. ಬದು ದಾಟಿ ಹರಕೊಂಡು ಬಂದೀನಿ. ಇದರಾಗ ಹೊಗಿ ಸಿಗಬೇಕು ನೋಡು, ಆವಾಗ ಆ ಸಾಹೇಬನ ಬಣ್ಣ ಬಯಲಾಗ್ತದ."

"ಕಳವು ಮಾಡೀಯೇನ ಮಾದೇವಕ್ಕ? ಅಲ್ಲಾ, ಅಲ್ಲಾ!"

"ಎರಡು ಗೊನಿಗೆ ಕಳವು ಅಂತಾರೇನು? ಸುಮ್ಕಿರು!"

ತುಂಗಾಬಾಯಾರು ನಮ್ಮನ್ನ ನೋಡಿ, "ಅಗಬಾಯಿ, ಇಷ್ಟು ಬಿಸಿಲಾಗ ಬಂದೀರಿ! ಕುಂಡರ್ರಿ, ನೀರು ಕುಡೀರಿ" ಅಂದ್ರು. ಮಾದೇವಮ್ಮ ಕೂಡಲಿಲ್ಲ. ಕೆಂಪು ಚೀಲದಿಂದ ಒಂದು ಗೊನಿ ತೆಗೆದು ಅವರ ಮುಂದ ಹಿಡಿದ್ಳು.

"ಬಾಯಾರ, ಮೊದಲ ಇದನ್ನ ತಿಂದು ನೋಡ್ರಿ. ಹೊಗಿ ವಾಸನಿ ಬರ್ತದೇನು ಹೇಳ್ರಿ."

ಬಾಯಾರು ನಾಲ್ಕು ಹಣ್ಣು ತಿಂದ್ರು. "ಇಲ್ಲ. ಭಾಳ ಸಿಹಿ ಅವ."

"ಮತ್ತ! ನೀವೇ ಕಾಗದ ಬರದು ಕೊಡ್ರಿ!"

"ಅಲ್ಲೇ ಎಲ್ಲಾರೂ ತಪ್ಪೋದು ಮಾದೇವಮ್ಮಾರ. ನಾಲಿಗಿಗೆ ಇದು ಗೊತ್ತಾಗಂಗಿಲ್ಲ. ಕಟ್ಟಿಗಿ, ರವದಿ, ತೊಪ್ಪಲ ಸುಟ್ಟಾಗ ಹೊಗಿಯೊಳಗ ಗ್ವಾಯಕಾಲ್ ಅಂತ ಒಂದು ಪದಾರ್ಥ ಇರ್ತದ. ಅದರ ಜೋಡಿ ಅದರ ಬಳಗನೂ ಇರ್ತದ. ಅವು ಹಣ್ಣಿನ ಸಿಪ್ಪಿ ಮ್ಯಾಲ ಕುಂತು ಒಳಗ ಇಳೀತಾವ. ಒಳಗ ಹೋದ ಮ್ಯಾಲ ಸಕ್ಕರಿ ಜೋಡಿ ಗಂಟು ಹಾಕ್ಕೊಂಡು ಅಡಗ್ತಾವ. ಅಡಗಿದಾಗ ವಾಸನಿನೂ ಇಲ್ಲ, ರುಚಿನೂ ಇಲ್ಲ. ರಸ ತೆಗೆದು ಹುಳಿ ಬರಾಕ ಇಟ್ರಿ ಅಂದ್ರ ಗಂಟು ಬಿಚ್ಚತಾವ, ಹೊಗಿ ಹೊರಗ ಬರ್ತದ. ಆಮ್ಯಾಲ ಆ ವೈನ್ ಆರಿದ ಒಲಿ ಬೂದಿ ನೆಕ್ಕಿದಂಗ ಆಗ್ತದಂತ."

"ನೀವು ಕುಡದು ನೋಡೀರೇನು?"

ಬಾಯಾರು ನಕ್ಕರು. "ನಾವು ಏಕಾದಶಿ ಮಾಡೋ ಮಂದಿ. ಮೂಸಿ ಸೈತ ನೋಡಿಲ್ಲ."

ನಾನೂ ನಕ್ಕೆ. ನೋಡ್ರಿ, ವೈನಿನ ಹಣೇಬರಹ ನೋಡಾಕ ಕುಂತ ಮೂರೂ ಮಂದಿ ಅದರ ಹನಿ ಮುಟ್ಟಿದವರಲ್ಲ.

ಮಾದೇವಮ್ಮ ಮಾತ್ರ ನಗಲಿಲ್ಲ. "ತೊಳದ್ರ ಹೋಗೂದಿಲ್ಲೇನು?"

"ಬೂದಿ ಹೋಗ್ತದ. ಒಳಗ ಇಳದದ್ದು ಹೋಗಂಗಿಲ್ಲ."

ಆಮ್ಯಾಲ ನಮ್ಮನ್ನ ಒಳಗಿನ ತಂಪು ಖೋಲಿಗೆ ಕರಕೊಂಡು ಹೋದ್ರು. ಎರಡು ಪೆಟ್ಟಿಗಿ ಮಗ್ಗಲಕ್ಕ ಮಗ್ಗಲ ಇದ್ದವು. ಮೊದಲಿಂದು ಗ್ಯಾಸ್ ಕ್ರೊಮ್ಯಾಟೊಗ್ರಾಫ್. ಬಾಗಿಲ ತೆಗೆದು ತೋರಿಸಿದ್ರು. ಒಳಗ ಸುರುಳಿ ಸುತ್ತಿದ ಒಂದು ಕೊಳವಿ, ಕೂದಲಷ್ಟು ಸಣ್ಣದು, ಬಿಚ್ಚಿದ್ರ ಈ ಅಂಗಳ ದಾಟಿ ರಸ್ತಾಕ್ಕ ಮುಟ್ಟತದಂತ.

"ಮೊದಲ ಹಣ್ಣು ಅರೀತೀನಿ, ಸೋಸ್ತೀನಿ. ಆಸಿಡ್ ಹಾಕಿ ಕಾಸಿ ಒಳಗ ಅಡಗಿದ್ದ ಗಂಟು ಬಿಚ್ಚಸ್ತೀನಿ. ಆಮ್ಯಾಲ ಅದರ ಸಾರ ತೆಗೆದು ಒಂದು ಹನಿಗಿಂತ ಕಮ್ಮಿ ಸೂಜಿಲೇ ಇಲ್ಲಿ ಚುಚ್ಚತೀನಿ. ಕಾವಿಗೆ ಅದು ಆವಿ ಆಗ್ತದ, ಗ್ಯಾಸು ಅದನ್ನ ಕೊಳವಿಯೊಳಗ ದಬ್ಬಿಕೊಂಡು ಹೋಗ್ತದ. ಒಂದೊಂದು ಪದಾರ್ಥದ ನಡಗಿ ಒಂದೊಂದು ಥರ. ಒಂದು ಜಲ್ದಿ ಹೊರಗ ಬರ್ತದ, ಒಂದು ತಡಾ ಮಾಡಿ ಬರ್ತದ. ಹಿಂಗ ಎಲ್ಲಾ ಬ್ಯಾರೆ ಬ್ಯಾರೆ ಆಗ್ತಾವ."

"ಬಂದದ್ದು ಹೊಗಿನೇ ಅಂತ ಹೆಂಗ ಗುರ್ತು?" ಅಂದೆ ನಾನು.

"ಅದಕ್ಕೇ ಈ ಎರಡನೇ ಪೆಟ್ಟಿಗಿ, ಮಾಸ್ ಸ್ಪೆಕ್ಟ್ರೋಮೀಟರ್. ಹೊರಗ ಬಂದ ಪದಾರ್ಥಾನ ಇದು ಒಡೀತದ, ತುಣುಕಿನ ತೂಕ ನೋಡ್ತದ. ತುಣುಕು ನೋಡಿದ್ರ ಯಾರು ಅಂತ ಗೊತ್ತಾಗ್ತದ. ಮೊದಲ ಶುದ್ಧ ಗ್ವಾಯಕಾಲ್ ಹಾಕಿ ಅದು ಎಷ್ಟೊತ್ತಿಗೆ ಬರ್ತದ, ಹೆಂಗ ಒಡೀತದ ನೋಡಿ ಇಟ್ಟಿರ್ತೀನಿ. ಅದರ ಜೋಡಿ ನಿಮ್ಮ ಹಣ್ಣಿಂದು ಹೋಲಸ್ತೀನಿ. ಕೆಲವು ದ್ರಾಕ್ಷಿಯೊಳಗ ಹುಟ್ಟತಾನೇ ಜರಾ ಇರ್ತದ. ಅದಕ್ಕೇ ಹೊಗಿ ತಾಗದ ಹಣ್ಣೂ ಬೇಕು ಅಂದದ್ದು."

ಮಾದೇವಮ್ಮ ಆ ಪೆಟ್ಟಿಗಿನ್ನ ಸುತ್ತಾಕಿ ನೋಡಿದ್ಳು. "ಬಾಯಾರ, ಈ ಮಷೀನಿಗೆ ಮಾಳಿ ಏನಾದ್ರೂ ಹೇಳಿಕೊಟ್ರ?"

"ಮಾಳಿ ಯಾರೋ ನನಗ ಗೊತ್ತಿಲ್ಲ, ಮಷೀನಿಗಂತೂ ಗೊತ್ತೇ ಇಲ್ಲ. ಇದಕ್ಕ ಗೊತ್ತಿರೋದು ಕೆಂಪು, ಹಸಿರು, ಹಳದಿ. ಗುರುವಾರ ಬರ್ರಿ."

ಗುರುವಾರ ಕಲಬುರಗಿಗೆ ಹೋದ್ರ ನಾ ಮೊದಲ ರೋಜಾ ಓಣಿಗೆ ಹೋಗಿ ಅಲ್ಲಿನ ದರ್ಗಾದಾಗ ಸಲಾಂ ಹೇಳಿ ಬರ್ತೀನಿ. ಮಾದೇವಮ್ಮನೂ ನನ್ನ ಜೋಡಿ ಬಂದ್ಳು. ಹೂವಿನ ಬುಟ್ಟಿ ಹಿಡದು, ಕಣ್ಣು ಮುಚ್ಚಿ, ಭಾಳ ಹೊತ್ತು ನಿಂತ್ಳು. ಹೊರಗ ಬಂದ ಮ್ಯಾಲ, "ಏನು ಬೇಡಿಕೊಂಡಿ?" ಅಂದೆ. ಗಂಡಗ ಬುದ್ಧಿ ಬರಲಿ ಅಂತಾಳ, ತೋಟ ಉಳೀಲಿ ಅಂತಾಳ ಅಂದುಕೊಂಡಿದ್ದೆ.

"ಹಳದಿ ಚೀಲದಾಗ ಹೊಗಿ ಸಿಗಲಿ ಅಂತ" ಅಂದ್ಳು!

ತೆಲಿ ಚಚ್ಚಿಕೊಂಡೆ. ಅಲ್ರೀ, ಅಂಥಾ ಜಾಗಾದಾಗ ನಿಂತು ಬೇಡೋ ಮಾತೇನು ಅದು!

ಅಲ್ಲಿಂದ ಕಪನೂರಕ್ಕ ಬಂದ್ವಿ. ತುಂಗಾಬಾಯಾರು ಮೂರು ಹಾಳಿ ಮೇಜಿನ ಮ್ಯಾಲ ಹರವಿದ್ರು. ಹಸಿರು ಚೀಲದ ಹಾಳಿಯೊಳಗ, ಗ್ವಾಯಕಾಲ್ ಬರೋ ಜಾಗಾದಾಗ, ಗೆರಿ ಅಡ್ಡ ಮಲಗಿತ್ತು, ಸಣ್ಣ ಒಂದು ಉಬ್ಬು ಅಷ್ಟೇ. ಕೆಂಪು ಚೀಲದ್ದರಾಗ ಅದೇ ಜಾಗಾದಾಗ ಗುಡ್ಡ ಎದ್ದು ನಿಂತಿತ್ತು. ಮಾದೇವಮ್ಮನ ಮಾರಿ ಸಣ್ಣದಾತು. ಆಮ್ಯಾಲ ಹಳದಿ. ಕೆಂಪಿನಷ್ಟು ಎತ್ತರ ಇಲ್ಲ, ಆದ್ರ ಅಲ್ಲೂ ಗುಡ್ಡ.

"ಸಿಕ್ತು!" ಅಂತ ಚೀರಿದ್ಳು ಮಾದೇವಮ್ಮ. "ಬೇಗಂ, ಸಿಕ್ತು ನೋಡು! ಮಾಳೀದೂ ಕೆಟ್ಟದ!"

ಬಾಯಾರು ಕನ್ನಡಕ ಸರಿ ಮಾಡಿಕೊಂಡು, "ಕೆಂಪು, ಹಳದಿ ಎರಡೂ ಬದುವಿನ ಹತ್ತರಿಂದು ಹೌದಲ್ಲೋ? ಆ ಬದುವಿನ ಮ್ಯಾಲ ಯಾರೋ ದಿನಾ ಏನೋ ಸುಡಾಕತ್ತಾರ. ಯಾರು?" ಅಂದ್ರು.

"ಯಾರೂ ಸುಡೂದಿಲ್ಲರೀ. ನಾ ಸಂಜೀಕ ಜರಾ ದೃಷ್ಟಿ ತೆಗೀತೀನಿ, ಅಷ್ಟೇ."

"ಏನು ಹಾಕಿ?"

"ಕುಳ್ಳು, ರವದಿ, ಬೇವಿನ ತೊಪ್ಪಲ..." ಹೇಳ್ತಾ ಹೇಳ್ತಾ ಅಕಿ ದನಿ ಇಳೀತು.

ಬಾಯಾರು ಬೈಲಿಲ್ಲ. "ಚಳಿಗಾಲದ ಸಂಜೀಕ ಹೊಗಿ ಮ್ಯಾಲ ಏರಂಗಿಲ್ಲ, ಬಳ್ಳಿ ಕೆಳಗೇ ಹರದಾಡ್ತದ. ಮೂಡಣ ಗಾಳಿ ಅದನ್ನ ನಿಮ್ಮ ತೋಟಕ್ಕೇ ಹೆಚ್ಚು ತಂದದ. ಗಾಳಿ ನಿಂತಾಗ ಆ ಕಡಿ ಸಾಲಿಗೂ ಹೋಗ್ಯದ. ಕಾಯಿ ಬಣ್ಣ ತಿರುಗಿದ ಮ್ಯಾಲ ಹಣ್ಣು ಹೊಗಿ ಭಾಳ ಹಿಡೀತದ. ಆದ್ರ ನಿಮ್ಮ ಪಡುವಣ ಸಾಲು ಚಲೋ ಅದಾವ. ಬದುವಿನ ಸಾಲು ಬಿಟ್ಟು ಅವನ್ನ ಬ್ಯಾರೆ ಕೊಯ್ಯಿರಿ, ನಾ ಕಾಗದ ಕೊಡ್ತೀನಿ. ಹಳದಿ ತೋಟದವರಿಗೂ ಹೇಳ್ರಿ, ಬದುವಿನ ಹಣ್ಣು ಉಳಿದದ್ದರಾಗ ಕೂಡಿಸಿದ್ರ ಅಷ್ಟೂ ರಸ ಕೆಡ್ತದ."

ಬಸ್ಸಿನಾಗ ಮಾದೇವಮ್ಮ ಕಿಡಕಿ ಕಡಿ ಮಾರಿ ಮಾಡಿ ಕುಂತಿದ್ಳು. ಅಳಾಕತ್ತಾಳೇನೋ ಅಂತ ಬಗ್ಗಿ ನೋಡಿದೆ. ಇಲ್ರೀ, ನಗಾಕತ್ತಿದ್ಳು!

"ಬೇಗಂ, ನಾಳಿ ಮುಂಜಾನಿ ಮಾಳೀ ತೋಟಕ್ಕ ಲಾರಿ ಬರ್ತದ. ಸಾಹೇಬ ನೋಡಿದ್ದು ನಡುವಿನ ಸಾಲು. ಅಕಿ ಬದುವಿಂದೂ ಕೊಯ್ದು ಕೂಡಿಸ್ತಾಳ. ಅಕೀದೂ ಬೂದಿ ಆಗ್ತದ. ಮುಂದಿನ ವರ್ಷ ಸಾಹೇಬ ಅಕಿ ಮನಿ ಚಾ ಕುಡೀಲಿ ನೋಡ್ತೀನಿ. ನೀ ಬಾಯಿ ಬಿಡಬ್ಯಾಡ."

"ಹೊಗಿ ನಿಂದು ಮಾದೇವಕ್ಕ! ಅಕಿ ಏನು ಮಾಡ್ಯಾಳ ನಿನಗ? ನೀ ಹೇಳಲಿಲ್ಲಂದ್ರ ಸಂಜೀಕ ನಾ ಹೇಳ್ತೀನಿ. ಸಿಟ್ಟಾಗು, ಬಿಡು, ನಾ ಅಂಜಂಗಿಲ್ಲ" ಅಂದೆ.

ಕಮಲಾಪುರದಾಗ ಇಳದ ಕೂಡಲೇ ಅಕಿ ಸೀದಾ ತೋಟಕ್ಕ ನಡದ್ಳು. ನಾನೂ ಬೆನ್ನು ಹತ್ತಿದೆ, ಬಿಡ್ತೀನೇನು? ಹೊತ್ತು ಮುಳುಗಾಕತ್ತಿತ್ತು. ಬದುವಿನ ಮ್ಯಾಲ ಮಾಳಮ್ಮ ನಿಂತಿದ್ಳು. ತೆಲಿ ಮ್ಯಾಲ ಒಂದು ಬುಟ್ಟಿ ಕುಳ್ಳು, ಉಡಿಯೊಳಗ ಒಣ ಮೆಣಸಿನಕಾಯಿ.

"ಯಕ್ಕಾ, ನಿನ್ನ ದಾರೀನೇ ಕಾಯಾಕತ್ತಿದ್ದೆ" ಅಂದ್ಳು. "ನಾಳಿ ನಮ್ಮ ತೋಟ ಕೊಯ್ತಾರ. ಎರಡು ದಿನದಿಂದ ನನಗ ರಾತ್ರಿ ನಿದ್ದಿ ಹತ್ತವಲ್ದು. ಯಾರ ಕಣ್ಣು ಬಿದ್ದದೋ ಏನೋ. ಮನಿಯಾಗ ಹಿರೀಕಿ ನೀನೇ ಅದಿ. ನಿಮ್ಮ ತೋಟದ ಜೋಡಿ ನಮ್ಮ ತೋಟದ ದೃಷ್ಟಿನೂ ಜರಾ ತೆಗಿಯೇ ಯಕ್ಕಾ."

ಮಾಳಮ್ಮ ಬುಟ್ಟಿ ಇಳಿಸಿ, ತಾನೇ ಕುಳ್ಳು ಜೋಡಿಸಿ, ಅಲ್ಲೇ ಬಿದ್ದಿದ್ದ ರವದಿ ಹಾಕಿ ಕಡ್ಡಿ ಗೀರಿದ್ಳು. ಸಣ್ಣಗ ಹೊಗಿ ಎದ್ದಿತು. ಗಾಳಿ ನಿಂತಿತ್ತು, ಹೊಗಿ ಎದ್ದು, ಬಗ್ಗಿ, ಮಾಳಮ್ಮನ ಬಳ್ಳಿ ಕೆಳಗ ಹೊಂಟಿತು. ಅಲ್ಲಿ ನಾಳಿ ಕೊಯ್ಯೋ ಹಣ್ಣು ಕರ್ರಗ ಜೋತು ಬಿದ್ದಿದ್ದವು.

ಮಾದೇವಮ್ಮ ಬಗ್ಗಿ ಎರಡೂ ಕೈಲೇ ಮಣ್ಣು ಬಾಚಿ ಬೆಂಕಿ ಮ್ಯಾಲ ಸುರಿದ್ಳು. ಮತ್ತ ಬಾಚಿದ್ಳು, ಮತ್ತ ಸುರಿದ್ಳು.

"ಹಚ್ಚಬ್ಯಾಡ! ಹಚ್ಚಬ್ಯಾಡ ಮಾಳಿ! ನಿನ್ನ ತೋಟಕ್ಕ ಬಿದ್ದ ಕಣ್ಣು ನಂದೇ. ನನಗ ನಿನ್ನ ಕಂಡ್ರ ಹೊಟ್ಟಿ ಉರೀತದ. ನಿನ್ನ ಹಣ್ಣು ಕೆಡಲಿ ಅಂತ ಮುಂಜಾನಿ ಬೇಡಿಕೊಂಡು ಬಂದೀನಿ. ಕೆಟ್ಟಾವ. ನಿನ್ನ ಎರಡು ಗೊನಿ ಹರಕೊಂಡು ಹೋಗಿ ಪರೀಕ್ಷಾ ಮಾಡಿಸೀನಿ, ನನ್ನ ಹೊಗಿಲೇ ಕೆಟ್ಟಾವ. ಬದುವಿನ ಸಾಲು ಲಾರಿಗೆ ಹಾಕಬ್ಯಾಡ, ಎಲ್ಲಾ ಕೆಡ್ತದ."

ಮಾಳಮ್ಮ ಅಪ್ಪಿಕೊಂಡ್ಳು, ಇಬ್ಬರೂ ಅತ್ತರು ಅಂತ ಹೇಳ್ತೀನಿ ಅಂದ್ಕೊಂಡ್ರೇನು? ಎಲ್ಲೀದು! ಮಾಳಮ್ಮ ಬಾಯಿಗೆ ಬಂದಂಗ ಬೈದ್ಳು. "ನನ್ನ ಹಣ್ಣು ಕದ್ದು ಪರೀಕ್ಷಾ ಮಾಡಿಸೀಯೇನು? ಬೇಗಂ, ನೀನೂ ಇದ್ದೀಯೇನು ಇದರಾಗ?" ಅಂತ ನನಗೂ ಬೈಗಳ ಬಿದ್ದವು. ಬೀಳಲಿ ಬಿಡ್ರಿ. ಬೈದು ಬೈದು ದಣದು, ಕಡೀಗೆ ಬದುವಿನ ಮ್ಯಾಲ ಕುಂತು, "ಎಷ್ಟು ಸಾಲು ಬಿಡಬೇಕು?" ಅಂತ ಕೇಳಿದ್ಳು.

ನಾಗಣ್ಣ, ಭಾಗಪ್ಪ ಇಬ್ಬರೂ ಬಂದ್ರು. ನಾಗಣ್ಣ ಹಾಳಿ ಮ್ಯಾಲಿನ ಗುಡ್ಡ ನೋಡಿದ, ಮಣ್ಣು ಮುಚ್ಚಿದ ಬೆಂಕಿ ನೋಡಿದ. "ಹಂಗಾದ್ರ ನಮಗ ಬೆಳಿಯಾಕ ಬರ್ತದ" ಅಂದ. ಅಷ್ಟೇ ಅಂದ. ಆ ಮಾತಿಗೆ ಮಾದೇವಮ್ಮ ಸೆರಗು ಕಣ್ಣಿಗೆ ಒತ್ತಿಕೊಂಡ್ಳು.

ಮುಂಜಾನಿ ಮಾಳಮ್ಮ ಬದುವಿನ ಸಾಲಿಗೆ ಹಗ್ಗ ಕಟ್ಟಿ ಬಿಟ್ಟು, ಉಳಿದದ್ದು ಲಾರಿಗೆ ಹಾಕಿದ್ಳು. ಮಾದೇವಮ್ಮನ ಪಡುವಣ ಸಾಲಿಗೂ ತುಂಗಾಬಾಯಾರ ಕಾಗದ ನೋಡಿ ಲಾರಿ ಬಂತು. ಹೊಗಿ ಬಡಿದ ಹಣ್ಣು ಇಬ್ಬರೂ ಕೂಡಿ ಕಲಬುರಗಿಗೆ ಒಯ್ದು, ಸೇಡಂ ರಸ್ತಾದಾಗ ಕುಂತು ತಿನ್ನೋರಿಗೆ ಮಾರಿದ್ರು. ಬೀಜ ಅವ ಅಂತ ಗಿರಾಕಿ ಗೊಣಗಿದ್ರು, ಆದ್ರೂ ಒಯ್ದ್ರು. ವೈನಿಗೆ ಬರಂಗಿಲ್ಲ ಅಷ್ಟೇ, ತಿನ್ನಾಕ ಸಿಹಿನೇ. ತೋಟ ಮಾದೇವಮ್ಮನ ಕೈಯಾಗೇ ಉಳೀತು. ಹೊಟ್ಟಿಕಿಚ್ಚೂ ಉಳದದ ಬಿಡ್ರಿ, ಮೊನ್ನೆ ಮಾಳಮ್ಮ ಹೊಸಾ ಪಂಪ್ ತಂದಾಗ ಇಕಿ ಮಾರಿ ನೋಡಬೇಕಿತ್ತು. ಆದ್ರ ಹಣ್ಣು ಬಣ್ಣ ತಿರುಗೋ ಕಾಲಕ್ಕ ಬದುವಿನ ಮ್ಯಾಲ ಬೆಂಕಿ ಇಲ್ಲ. ದೃಷ್ಟಿ ತೆಗಿಯೋದಿದ್ರ ಮನಿಯಾಗ ನಿಂತು ಉಪ್ಪು ನಿವಾಳಿಸಿ ನೀರಿಗೆ ಹಾಕ್ತಾಳ.

ಅಕ್ಕಂದಿರಾ, ಅಣ್ಣಂದಿರಾ, ನಿಮ್ಮದು ದ್ರಾಕ್ಷಿ ತೋಟ ಇರಲಿ, ಕಬ್ಬಿನ ಹೊಲ ಇರಲಿ, ನಾ ಕೇಳೋದು ಇಷ್ಟೇ. ಮಗ್ಗಲ ತೋಟದಾಗ ದ್ರಾಕ್ಷಿ ಬಣ್ಣ ತಿರುಗೇದ ಅಂದ್ರ ಕೊಯ್ಯೋತನಕ ರವದಿ, ಕಸ, ತೊಪ್ಪಲ ಸುಡಬ್ಯಾಡ್ರಿ, ಮಣ್ಣಾಗ ಹಾಕಿ ಗೊಬ್ಬರ ಮಾಡ್ರಿ. ಹೊಗಿ ತಾಗೇದ ಅಂತ ಸಂಶಯ ಬಂದ್ರ ತಿಂದು ನೋಡಿ ಚಲೋ ಅದ ಅನಬ್ಯಾಡ್ರಿ. ಹತ್ತರಿನ ಸಾಲಿಂದು, ದೂರಿನ ಸಾಲಿಂದು ಬ್ಯಾರೆ ಬ್ಯಾರೆ ಚೀಲದಾಗ ಹಾಕಿ, ಕೊಯ್ಯೋ ಮೊದಲೇ ಪರೀಕ್ಷಾ ಮಾಡಸ್ರಿ. ಹಣ್ಣಿನೊಳಗ ಇಳಿದ ಹೊಗಿ ತೊಳದು ತೆಗಿಯಾಕ ಆಗೂದಿಲ್ಲ, ಆದ್ರ ಕೆಟ್ಟ ಸಾಲು ಬಿಟ್ಟು ಚಲೋ ಸಾಲು ಉಳಿಸಾಕ ಆಗ್ತದ. ನಿಮ್ಮ ಬೆಂಕಿ ಹೊಗಿ ಇನ್ನೊಬ್ಬರ ತೋಟಕ್ಕ ಹೋಗಿದ್ರ ಮುಚ್ಚಿಡಬ್ಯಾಡ್ರಿ. ಬೈತಾರ, ಬೈಸಿಕೊಳ್ರಿ. ಲಾರಿ ಬರೋದಕ್ಕ ಮೊದಲ, ಇವತ್ತೇ ಹೋಗಿ ಹೇಳ್ರಿ.